ಸುಗ್ರೀವನ ಕೊರಳ ಮಾಲೆಯೂ ಕಚೇರಿಯ ಲಾಗಿನ್ನೂ



ಸೈಬರ್ ವಂಚನೆಯ ಸುದ್ದಿಯೊಂದು ಪತ್ರಿಕೆಯಲ್ಲಿ ಬಂದರೆ ಅದರ ಬೆನ್ನಿಗೇ ಒಂದು ಉಪದೇಶವೂ ಬರುತ್ತದೆ: ‘ಒ.ಟಿ.ಪಿ.ಯನ್ನು ಯಾರಿಗೂ ಹೇಳಬೇಡಿ, ಪಾಸ್‌ವರ್ಡ್ ಹಂಚಿಕೊಳ್ಳಬೇಡಿ, ಜಾಗೃತರಾಗಿರಿ.’ ಉಪದೇಶ ಸುಳ್ಳಲ್ಲ. ಆದರೆ ಅದರ ಒಳಗೆ ಅಡಗಿ ಕುಳಿತಿರುವ ಆರೋಪವೊಂದಿದೆ. ಮೋಸ ಹೋದವನು ಅಜ್ಞಾನಿ, ಅಜ್ಞಾನಿಯಾದುದರಿಂದಲೇ ಮೋಸ ಹೋದ, ತಪ್ಪು ಅವನದೇ ಎಂಬುದು ಆ ಆರೋಪ. ಹೊಸಪೇಟೆ, ಕಂಪ್ಲಿ, ಸಂಡೂರುಗಳ ಕಚೇರಿ ಮತ್ತು ಸೇವಾಕೇಂದ್ರಗಳ ಕೌಂಟರುಗಳ ಮುಂದೆ ನಿವೃತ್ತಿಯ ನಂತರ ಸಾಕಷ್ಟು ಹೊತ್ತು ನಿಂತ ನನಗೆ ಈ ಆರೋಪ ಅನ್ಯಾಯವೆನಿಸಿದೆ. ಈ ಬರಹ ಅದರ ವಿರುದ್ಧ. ಹಳ್ಳಿಯವನ ಹೆಬ್ಬೆರಳನ್ನು ನೂರು ಸಲ ಒತ್ತಿಸಿಕೊಳ್ಳುವ ವ್ಯವಸ್ಥೆಯು ಕೌಂಟರಿನ ಒಳಗಡೆ ಕುಳಿತವನು ಯಾರೆಂದು ಒಮ್ಮೆಯೂ ಕೇಳುವುದಿಲ್ಲ ಎಂಬುದೇ ನನ್ನ ತಕರಾರು.

ಕನ್ನಡ ಮೇಷ್ಟ್ರಿಗೆ ಗಣಕಯಂತ್ರದ ಗೊಡವೆ ಏಕೆ ಎಂದು ನಗುವವರಿದ್ದೀರಿ, ಬಲ್ಲೆ. ನಮ್ಮ ಹಳೆಯ ವಿದ್ಯಾರ್ಥಿಗಳಿಗಾಗಿ ಜಾಲತಾಣವೊಂದನ್ನು ಕಟ್ಟಿದ ಶಿಷ್ಯನೊಬ್ಬ ಮೂರು ಸಂಜೆ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು, ಲಾಗಿನ್ ಎಂದರೇನು, ಸೆಷನ್ ಎಂದರೇನು ಎಂಬುದನ್ನು ನನಗೆ ಬಿಡಿಸಿ ಹೇಳಿದ. ಅವನು ಹೇಳಿದ್ದನ್ನು ನಾನು ನಮ್ಮೂರಿನ ಕಥೆಯಲ್ಲೇ ಅರ್ಥಮಾಡಿಕೊಂಡೆ. ನಿಮಗೂ ಹಾಗೆಯೇ ಹೇಳುತ್ತೇನೆ.

ಹಂಪಿಯ ಆಚೆ ದಡದ ಆನೆಗೊಂದಿಯ ಸೀಮೆಯೇ ಕಿಷ್ಕಿಂಧೆ ಎಂದು ನಂಬಿ ಬೆಳೆದವರು ನಾವು. ಸುಗ್ರೀವನ ಗುಹೆಯನ್ನೂ, ರಾಮನು ಮಳೆಗಾಲ ಕಳೆದನೆಂಬ ಮಾಲ್ಯವಂತ ಬೆಟ್ಟವನ್ನೂ, ನಿಂಬಾಪುರದ ಬಳಿ ವಾಲಿಯ ಚಿತಾಭಸ್ಮವೆಂದು ಜನ ತೋರಿಸುವ ಬೂದಿಗುಡ್ಡವನ್ನೂ ನಿಮ್ಮಲ್ಲಿ ಅನೇಕರಿಗೆ ಶಾಲಾ ಪ್ರವಾಸದಲ್ಲಿ ನಾನೇ ತೋರಿಸಿದ್ದೇನೆ. ವಾಲಿ ಸುಗ್ರೀವರ ಮೊದಲ ಕಾಳಗದಲ್ಲಿ ರಾಮನು ಬಾಣ ಬಿಡಲಿಲ್ಲ. ಅಣ್ಣತಮ್ಮಂದಿರ ರೂಪ, ನಡೆ, ದನಿ ಎಲ್ಲವೂ ಒಂದೇ ತೆರ. ಯಾರು ಯಾರೆಂದು ಅವನಿಗೆ ತಿಳಿಯಲಿಲ್ಲ. ಏಟು ತಿಂದು ಓಡಿಬಂದ ಸುಗ್ರೀವನ ಕೊರಳಿಗೆ ಲಕ್ಷ್ಮಣನು ಗಜಪುಷ್ಪಿಯ ಬಳ್ಳಿಯನ್ನು ಮಾಲೆಯಾಗಿ ಕಟ್ಟಿದ. ಎರಡನೆಯ ಕಾಳಗದಲ್ಲಿ ರಾಮನು ನೋಡಿದ್ದು ಮುಖವನ್ನಲ್ಲ, ಮಾಲೆಯನ್ನು.

ಸೆಷನ್ ಎಂದರೆ ಆ ಮಾಲೆ, ಅಷ್ಟೇ. ಅಂತರ್ಜಾಲದಲ್ಲಿ ನಮ್ಮ ಬ್ರೌಸರ್ ದೂರದ ಸರ್ವರಿನೊಡನೆ ಎಚ್.ಟಿ.ಟಿ.ಪಿ. ಎಂಬ ಪದ್ಧತಿಯಲ್ಲಿ ಮಾತಾಡುತ್ತದೆ. ಆ ಪದ್ಧತಿಗೆ ನೆನಪಿಲ್ಲ. ನೀವು ಒಂದು ಪುಟ ಕೇಳುತ್ತೀರಿ, ಅದು ಕೊಡುತ್ತದೆ, ಆ ಕ್ಷಣವೇ ನಿಮ್ಮನ್ನು ಮರೆತುಬಿಡುತ್ತದೆ. ಮರುಕ್ಷಣ ಇನ್ನೊಂದು ಪುಟ ಕೇಳಿದರೆ ನೀವು ಅದಕ್ಕೆ ಅಪರಿಚಿತರು. ಹೀಗಿರುವಾಗ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಬಂದವನನ್ನು ಪ್ರತಿ ಹೆಜ್ಜೆಯಲ್ಲೂ ಗುರುತಿಸುವುದು ಹೇಗೆ? 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಎಂಬಾತ ಇದಕ್ಕೆ ಉಪಾಯ ಕಂಡುಹಿಡಿದ. ಮೊದಲ ಸಲ ಬಂದಾಗ ಸರ್ವರ್ ಒಂದು ಗುರುತಿನ ಚೀಟಿಯನ್ನು ಬ್ರೌಸರಿನ ಕೈಗೆ ಕೊಡುತ್ತದೆ. ಬ್ರೌಸರ್ ಮುಂದಿನ ಪ್ರತಿ ಕೋರಿಕೆಯ ಜೊತೆಗೂ ಅದನ್ನು ತೋರಿಸುತ್ತದೆ. ಆ ಚೀಟಿಗೆ ಕುಕಿ ಎಂದು ಹೆಸರು. ಲಾಗಿನ್ ಆದ ಮೇಲೆ ಅದರಲ್ಲಿ ಯಾರೂ ಊಹಿಸಲಾಗದಷ್ಟು ಉದ್ದದ ಒಂದು ಸಂಖ್ಯೆ ಇರುತ್ತದೆ. ಅದೇ ಸೆಷನ್ನಿನ ಗುರುತು. ಅಲ್ಲಿಂದ ಮುಂದೆ ಸರ್ವರ್ ನಿಮ್ಮ ಪಾಸ್‌ವರ್ಡನ್ನೂ ಕೇಳುವುದಿಲ್ಲ, ಮುಖವನ್ನೂ ನೋಡುವುದಿಲ್ಲ. ಮಾಲೆಯನ್ನು ನೋಡುತ್ತದೆ.

ಈಗ ಒಂದು ಪ್ರಶ್ನೆ. ಎರಡನೆಯ ಕಾಳಗದ ನಡುವೆ ಆ ಮಾಲೆ ಹರಿದು ಬಿದ್ದು, ವಾಲಿ ಅದನ್ನು ಎತ್ತಿ ತನ್ನ ಕೊರಳಿಗೆ ಹಾಕಿಕೊಂಡಿದ್ದರೆ? ರಾಮಾಯಣದಲ್ಲಿ ಹಾಗಾಗಲಿಲ್ಲ. ನಮ್ಮ ಕಚೇರಿಗಳಲ್ಲಿ ಪ್ರತಿದಿನ ಆಗುತ್ತಿದೆ.

ಜಾಲತಾಣಗಳನ್ನು ಇಂದು ಯಾರೂ ಒಂದೊಂದು ಪುಟವಾಗಿ ಕೈಯಲ್ಲಿ ಬರೆಯುವುದಿಲ್ಲ. ವರ್ಡ್‌ಪ್ರೆಸ್, ಡ್ರೂಪಲ್ ಮುಂತಾದ ವಿಷಯ ನಿರ್ವಹಣಾ ತಂತ್ರಾಂಶಗಳಲ್ಲಿ ಕಟ್ಟುತ್ತಾರೆ. ಬೆಲ್ಜಿಯಂ ದೇಶದ ಡ್ರೀಸ್ ಬ್ಯೂಟಾರ್ಟ್ 2001ರಲ್ಲಿ ಬಿಡುಗಡೆ ಮಾಡಿದ ಡ್ರೂಪಲ್ಲನ್ನು ನಮ್ಮ ದೇಶದ ಸರ್ಕಾರಿ ತಾಣಗಳೂ ಬಳಸುತ್ತವೆ. 2018ರ ಏಪ್ರಿಲ್ 6ರಂದು ರಕ್ಷಣಾ ಸಚಿವಾಲಯದ ಜಾಲತಾಣದಲ್ಲಿ ಚೀನೀ ಅಕ್ಷರವೊಂದು ಕಾಣಿಸಿಕೊಂಡು, ಚೀನಾದವರು ನುಗ್ಗಿದರೆಂದು ದೇಶವೆಲ್ಲ ಗಾಬರಿಯಾದದ್ದು ನೆನಪಿದೆಯೇ? ಆ ಅಕ್ಷರ ಡ್ರೂಪಲ್ಲಿನ ‘ಝೆನ್’ ಎಂಬ ವಿನ್ಯಾಸದ ಚಿಹ್ನೆ. ತಾಣ ಕೆಟ್ಟು ನಿಂತಾಗ ಒಳಗಿನ ಚಿಹ್ನೆ ಹೊರಗೆ ಕಂಡಿತ್ತು, ಅಷ್ಟೇ. ಗೋಡೆಯ ಮೇಲಿನ ಚಿತ್ತಾರಕ್ಕೆ ಅಷ್ಟು ಬೆದರಿದ ನಾವು ಬಾಗಿಲಿನ ಅಗುಳಿಯ ಬಗ್ಗೆ ವಿಚಾರಿಸಲಿಲ್ಲ.

ಇಂತಹ ತಂತ್ರಾಂಶಕ್ಕೆ ಪುಟಗಳ ಬಾಗಿಲಲ್ಲದೆ ಇನ್ನೊಂದು ಬಾಗಿಲೂ ಇರುತ್ತದೆ. ಮೊಬೈಲ್ ಆ್ಯಪ್ ಒಂದು ಪುಟವನ್ನು ಬಯಸುವುದಿಲ್ಲ, ಅದಕ್ಕೆ ಬೇಕಾದುದು ಬರೀ ಮಾಹಿತಿ. ಅದಕ್ಕಾಗಿ ಇರುವುದು ವೆಬ್ ಸರ್ವಿಸ್. ಡ್ರೂಪಲ್ಲಿನಲ್ಲಿ ‘ಸರ್ವಿಸಸ್’ ಎಂಬ ಜೋಡಣೆ ಬಹುಕಾಲ ಈ ಕೆಲಸ ಮಾಡಿತು. ಆ್ಯಪ್ ಮೊದಲು ಹೆಸರು, ಪಾಸ್‌ವರ್ಡ್ ಕಳಿಸುತ್ತದೆ. ತಾಣವು ಸೆಷನ್ನಿನ ಹೆಸರು, ಅದರ ಸಂಖ್ಯೆ, ಜೊತೆಗೆ ಟೋಕನ್ ಎಂಬ ಇನ್ನೊಂದು ಗುರುತನ್ನು ಹಿಂದಿರುಗಿಸುತ್ತದೆ. ಮುಂದೆ ಮಾಹಿತಿಯನ್ನು ಬರೆಯುವ, ತಿದ್ದುವ, ಅಳಿಸುವ ಪ್ರತಿ ಕೋರಿಕೆಯಲ್ಲೂ ಇವೆಲ್ಲ ಇರಬೇಕು. ಒಂದು ತಪ್ಪಿದರೂ ತಾಣ ನಿರಾಕರಿಸುತ್ತದೆ. ಒಂದು ಗುರುತು ಇದ್ದ ಮೇಲೆ ಇನ್ನೊಂದೇಕೆ ಎಂದು ನಾನು ಕೇಳಿದೆ. ಶಿಷ್ಯ ಹೇಳಿದ: “ಸಾರ್, ನೀವು ಮುಖ್ಯೋಪಾಧ್ಯಾಯರಾಗಿದ್ದಾಗ ಜವಾನ ಫೈಲುಗಳ ಕಟ್ಟು ತಂದಿಟ್ಟರೆ ಒಂದೊಂದಕ್ಕೂ ಸಹಿ ಹಾಕುತ್ತಿದ್ದಿರಲ್ಲ, ನಡುವೆ ಯಾರಾದರೂ ತಮ್ಮದೊಂದು ಕಾಗದ ಸೇರಿಸಿದ್ದರೆ?” ಕುಕಿಯನ್ನು ಬ್ರೌಸರ್ ತಾನಾಗಿಯೇ ಕಳಿಸಿಬಿಡುತ್ತದೆ, ಬೇರೊಂದು ದುಷ್ಟ ಪುಟ ಕದ್ದು ಕೋರಿಕೆ ಹುಟ್ಟಿಸಿದರೂ ಕಳಿಸುತ್ತದೆ. ಸಹಿ ನಿಮ್ಮದೇ, ಆದರೆ ಕಾಗದ ನಿಮ್ಮದಲ್ಲ. ಆ ಕಾಗದವನ್ನು ನೀವೇ ತರಿಸಿದ್ದೀರಿ ಎಂಬುದಕ್ಕೆ ಸಾಕ್ಷಿಯೇ ಎರಡನೆಯ ಗುರುತು. ಇಷ್ಟು ಸೂಕ್ಷ್ಮವಾಗಿ ಯೋಚಿಸಿದವರು ತಂತ್ರಜ್ಞರು. ಅವರ ಬುದ್ಧಿಗೆ ನನ್ನ ನಮಸ್ಕಾರ.

ಆದರೆ ಅದೇ ಡ್ರೂಪಲ್ಲಿನ 7ನೆಯ ಆವೃತ್ತಿಯ ಮೂಲ ಹೊಂದಾಣಿಕೆಯ ಕಡತದಲ್ಲಿ ಬರೆದಿದ್ದ ಎರಡು ಸಂಖ್ಯೆಗಳನ್ನು ನೋಡಿ. ಕುಕಿಯ ಆಯುಷ್ಯ 20,00,000 ಸೆಕೆಂಡು, ಅಂದರೆ ಸುಮಾರು 23 ದಿನ. ಬಳಸದೆ ಬಿಟ್ಟ ಸೆಷನ್ನನ್ನು ಸರ್ವರ್ ಗುಡಿಸಿ ಹಾಕುವುದಕ್ಕೆ 2,00,000 ಸೆಕೆಂಡು, ಅಂದರೆ ಎರಡು ದಿನ ಏಳೂವರೆ ಗಂಟೆ. ಶನಿವಾರ ಸಂಜೆ ಆರಕ್ಕೆ ಲಾಗ್‌ಔಟ್ ಮಾಡದೆ ಎದ್ದುಹೋದವನ ಸೆಷನ್ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬಂದವನಿಗೂ ಜೀವಂತವಾಗಿಯೇ ಸಿಗುತ್ತದೆ. ನಡುವೆ ಕಳೆದದ್ದು ಬರೀ ನಲವತ್ತು ಗಂಟೆ. ಬ್ರೌಸರ್ ಮುಚ್ಚಿದರೂ ಕುಕಿ ಸಾಯುವುದಿಲ್ಲ. ಒಬ್ಬರಿಗೆ ಒಂದು ಗಣಕ ಇರುವ ದೇಶದಲ್ಲಿ ಇದು ಅನುಕೂಲವೇ ಸರಿ. ಒಂದು ಗಣಕಕ್ಕೆ ಐದು ಜನ ಕೂರುವ ನಮ್ಮ ಕೌಂಟರುಗಳಿಗೆ? ಆ ಸಂಖ್ಯೆಗಳನ್ನು ಬದಲಾಯಿಸಲು ಬರುತ್ತದೆ, ಒಂದೆರಡು ಸಾಲಿನ ಕೆಲಸ. ಡ್ರೂಪಲ್ 7ಕ್ಕೆ ಅದರ ತಯಾರಕರು 2025ರ ಜನವರಿ 5ಕ್ಕೆ ಆಸರೆ ನಿಲ್ಲಿಸಿದರು. ನಮ್ಮ ಕಚೇರಿಗಳ ತಂತ್ರಾಂಶಗಳೆಲ್ಲ ಡ್ರೂಪಲ್ ಅಲ್ಲವೆಂದೂ ಬಲ್ಲೆ. ಆದರೆ ಪರದೇಶದವನು ತನ್ನ ಮನೆಗೆ ಹೊಲಿಸಿಕೊಂಡ ಅಂಗಿಯನ್ನು ಅಳತೆ ನೋಡದೆ ನಮ್ಮವರಿಗೆ ತೊಡಿಸುವ ಸೋಮಾರಿತನಕ್ಕೆ ತಂತ್ರಾಂಶದ ಭೇದವಿಲ್ಲ.

ಈ ವಿಷಯದಲ್ಲಿ ನಮ್ಮ ಕಾಗದದ ಕಾಲ ಇಂದಿಗಿಂತ ಮೇಲಾಗಿತ್ತು ಎಂದರೆ ಹಳಬನ ಹಳಹಳಿಕೆ ಎನ್ನಬೇಡಿ. ಮುಖ್ಯೋಪಾಧ್ಯಾಯರು ನಾಲ್ಕು ದಿನ ರಜೆ ಹೋಗಬೇಕಾದರೆ ಹಿರಿಯ ಸಹೋದ್ಯೋಗಿಗೆ ‘ಪ್ರಭಾರ’ ವಹಿಸಿಕೊಡಬೇಕಿತ್ತು. ಯಾವ ದಿನಾಂಕದಿಂದ, ಪೂರ್ವಾಹ್ನವೋ ಅಪರಾಹ್ನವೋ, ಬೀಗದ ಕೈ ಎಷ್ಟು, ನಗದು ಎಷ್ಟು, ಮೊಹರು ಎಷ್ಟು ಎಂದು ಬರೆದು ಕೊಟ್ಟವರೂ ತೆಗೆದುಕೊಂಡವರೂ ಸಹಿ ಹಾಕುತ್ತಿದ್ದರು. ಪ್ರಭಾರಿಗಳು ಆ ನಾಲ್ಕು ದಿನ ‘ಮುಖ್ಯೋಪಾಧ್ಯಾಯರು’ ಎಂದು ಸಹಿ ಮಾಡುತ್ತಿರಲಿಲ್ಲ. ‘ಪ್ರಭಾರ ಮುಖ್ಯೋಪಾಧ್ಯಾಯರು’ ಎಂದು, ತಮ್ಮ ಹೆಸರಿನಲ್ಲೇ ಮಾಡುತ್ತಿದ್ದರು. ಅಧಿಕಾರ ಕೈ ಬದಲಾಯಿಸಿತು, ಗುರುತು ಬದಲಾಗಲಿಲ್ಲ. ಹತ್ತು ವರ್ಷ ಕಳೆದ ಮೇಲೂ ಆ ನಾಲ್ಕು ದಿನಗಳಲ್ಲಿ ವರ್ಗಾವಣೆ ಪತ್ರಕ್ಕೆ ಸಹಿ ಹಾಕಿದವರು ಯಾರೆಂದು ಪುಸ್ತಕ ತೆರೆದು ಹೇಳಬಹುದಿತ್ತು.

ಗಣಕ ಬಂದ ಮೇಲೆ ಅದೇ ಕಚೇರಿಗಳಲ್ಲಿ ಏನಾಯಿತು? ಸಾಹೇಬರ ಲಾಗಿನ್ನಿನ ಹೆಸರು, ಪಾಸ್‌ವರ್ಡ್ ಒಂದು ಚೀಟಿಯಲ್ಲಿ ಬರೆದು ಮಾನಿಟರಿನ ಕೆಳಗೆ ಅಂಟಿಸಿರುವುದನ್ನು ನಾನು ಒಂದಲ್ಲ, ಎರಡಲ್ಲ, ಮೂರು ಕಡೆ ಕಣ್ಣಾರೆ ಕಂಡಿದ್ದೇನೆ. ಊರು ಹೇಳುವುದಿಲ್ಲ, ಕಚೇರಿಯ ಹೆಸರೂ ಬೇಡ. ಸಾಹೇಬರು ಮೀಟಿಂಗಿಗೆ ಹೋಗಿರುತ್ತಾರೆ. ಅವರ ಹೆಸರಿನಲ್ಲಿ ಗುತ್ತಿಗೆಯ ಹುಡುಗ ಕೆಲಸ ಮಾಡುತ್ತಿರುತ್ತಾನೆ. ಹುಡುಗ ಊಟಕ್ಕೆ ಹೋದರೆ ಅವನ ಗೆಳೆಯ ಕೂರುತ್ತಾನೆ. ತಾಣದ ದಾಖಲೆಯಲ್ಲಿ ಮೂವರೂ ಸಾಹೇಬರೇ. ತರಗತಿಯಲ್ಲಿ ಹಾಜರಿ ಕರೆಯುವಾಗ ಗೈರುಹಾಜರಾದ ಗೆಳೆಯನ ಪರವಾಗಿ ‘ಎಸ್ ಸಾರ್’ ಎಂದವರಿಗೆ ನಾನು ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ ಕೊಡುತ್ತಿದ್ದೆ (ನಿಂತವರು ಈ ಪುಟವನ್ನು ಓದುತ್ತಿದ್ದೀರೆಂದು ಗೊತ್ತು). ಇಲ್ಲಿ ಹಾಜರಿ ಕರೆಯುವವರೇ ‘ಎಸ್ ಸಾರ್’ ಎನ್ನುತ್ತಿದ್ದಾರೆ.

ಇದಕ್ಕೆ ಕಚೇರಿಯವರು ಕೊಡುವ ಉತ್ತರವನ್ನೂ ಕೇಳಿದ್ದೇನೆ, ಅದರಲ್ಲಿ ಹುರುಳಿಲ್ಲ ಎನ್ನಲಾರೆ. ಸಿಬ್ಬಂದಿ ಸಾಲದು. ಇಬ್ಬರ ಜಾಗದಲ್ಲಿ ಒಬ್ಬರಿದ್ದಾರೆ. ಸರ್ವರ್ ನಿಧಾನ, ಒಮ್ಮೆ ಲಾಗ್‌ಔಟ್ ಆದರೆ ಮತ್ತೆ ಒಳಗೆ ಹೋಗುವಷ್ಟರಲ್ಲಿ ಹೊರಗೆ ಸರದಿಯಲ್ಲಿ ನಿಂತ ಜನ ಗಲಾಟೆ ಮಾಡುತ್ತಾರೆ. ಸಾಹೇಬರಿಗೆ ವಾರದಲ್ಲಿ ನಾಲ್ಕು ದಿನ ಜಿಲ್ಲಾ ಕೇಂದ್ರದ ತಿರುಗಾಟ. ಎಲ್ಲವೂ ನಿಜ. ಆದರೆ ಈ ಕಷ್ಟಕ್ಕೆ ಪರಿಹಾರ ತಂತ್ರಾಂಶದೊಳಗೇ ಇದೆಯಲ್ಲ! ಡ್ರೂಪಲ್ ಆಗಲಿ ಇನ್ನೊಂದಾಗಲಿ, ಪ್ರತಿಯೊಬ್ಬನಿಗೂ ಅವನದೇ ಹೆಸರಿನ ಖಾತೆ ಕೊಟ್ಟು, ಆ ಖಾತೆಗೆ ಪಾತ್ರವೊಂದನ್ನು ಹೊಂದಿಸಿ, ಆ ಪಾತ್ರಕ್ಕೆ ಇಂತಿಷ್ಟೇ ಅಧಿಕಾರ ಎಂದು ಗೆರೆ ಎಳೆಯಲು ಅವಕಾಶವಿದೆ. ಹುಡುಗನು ಅರ್ಜಿ ತುಂಬಿಸಲಿ, ಅನುಮೋದನೆ ಮಾತ್ರ ಸಾಹೇಬರಿಗಿರಲಿ. ಸಾಹೇಬರಿಲ್ಲದ ದಿನ ಶಿರಸ್ತೇದಾರರಿಗೆ ಪ್ರಭಾರ ಕೊಡಲಿ, ಅವರ ಸ್ವಂತ ಹೆಸರಿನಲ್ಲಿ. ಇದು ನಾಲ್ಕು ಸಾಲಿನ ಆದೇಶದ, ಒಂದು ಮಧ್ಯಾಹ್ನದ ಕೆಲಸ. ಮಾಡುವುದಿಲ್ಲವೇಕೆ? ಎಲ್ಲರೂ ಒಂದೇ ಮಾಲೆ ಹಾಕಿಕೊಂಡರೆ ತಪ್ಪು ಯಾರದೆಂದು ಗೊತ್ತಾಗುವುದಿಲ್ಲ. ಗೊತ್ತಾಗದಿರುವುದು ಕೆಲವರಿಗೆ ಬೇಕಾಗಿದೆ. ನನ್ನ ಈ ಮಾತು ಕಟುವೆನಿಸಿದರೆ ಆಗಲಿ.

ಕರ್ನಾಟಕಕ್ಕೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ. ‘ಭೂಮಿ’ ಯೋಜನೆಯನ್ನು ನೆನೆಯಿರಿ. ಗ್ರಾಮಲೆಕ್ಕಿಗರ ಚೀಲಗಳಲ್ಲಿದ್ದ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ರೈತರ ಜಮೀನಿನ ವಿವರಗಳು 2000ದ ಆಸುಪಾಸಿನಲ್ಲಿ ಗಣಕಕ್ಕೆ ಸೇರಿದವು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿ ಸಿಗತೊಡಗಿತು. ದೇಶವಿದೇಶಗಳಲ್ಲಿ ಹೊಗಳಿಸಿಕೊಂಡ ಆ ವ್ಯವಸ್ಥೆಯಲ್ಲಿ ಅಧಿಕಾರಿಗಳು ಒಳಹೋಗಲು ಪಾಸ್‌ವರ್ಡ್ ಸಾಲದೆಂದು ಆಗಲೇ ಬೆರಳಚ್ಚನ್ನು ಕಡ್ಡಾಯ ಮಾಡಿದ್ದರು. ‘ನಾನು ತಿದ್ದಲಿಲ್ಲ, ನನ್ನ ಪಾಸ್‌ವರ್ಡ್ ಯಾರೋ ಬಳಸಿದರು’ ಎಂದು ಯಾರೂ ಜಾರಿಕೊಳ್ಳಬಾರದು ಎಂಬುದೇ ಅದರ ಉದ್ದೇಶ. ಇಪ್ಪತ್ತೈದು ವರ್ಷದ ಹಿಂದೆ ನಮ್ಮ ರಾಜ್ಯ ಇಷ್ಟು ದೂರ ಯೋಚಿಸಿತ್ತು! ಆದರೆ ಬೆರಳಚ್ಚು ಕಾಯುವುದು ಬಾಗಿಲನ್ನು ಮಾತ್ರ. ಬೆಳಿಗ್ಗೆ ಬೆರಳಿಟ್ಟು ಒಳಗೆ ಹೋದವನು ಕುರ್ಚಿಯಿಂದ ಎದ್ದ ಮೇಲೆ ಅಲ್ಲಿ ಕುಳಿತವನನ್ನು ಅದು ತಡೆಯಲಾರದು. ಅದನ್ನು ತಡೆಯಬೇಕಾದುದು ಸೆಷನ್ನಿನ ಶಿಸ್ತು: ಕೈ ಆಡದೆ ಹತ್ತು ನಿಮಿಷ ಕಳೆದರೆ ಮುಚ್ಚಿಕೊಳ್ಳಬೇಕು, ಹಕ್ಕು ಬದಲಾವಣೆಯಂತಹ ಗುರುತರ ಕೆಲಸಕ್ಕೆ ಬಂದಾಗ ಒಳಗಿರುವವನನ್ನೇ ಮತ್ತೊಮ್ಮೆ ‘ನೀನು ಯಾರು’ ಎಂದು ಕೇಳಬೇಕು.

ಸಂಡೂರಿನವರಿಗೆ ಈ ಮಾತನ್ನು ಇನ್ನೊಂದು ಬಗೆಯಲ್ಲಿ ಹೇಳಬಹುದು. ಕೆಂಪು ಧೂಳಿನ ಆ ವರ್ಷಗಳಲ್ಲಿ ಹೊಸಪೇಟೆಯ ರಸ್ತೆ ದಾಟಲು ಮಕ್ಕಳು ಎಷ್ಟು ಹೊತ್ತು ಕಾಯುತ್ತಿದ್ದರೆಂದು ನಾನು ಹೇಳಬೇಕಿಲ್ಲ. ಅದಿರಿನ ಪ್ರತಿ ಲಾರಿಗೂ ಸಾಗಾಣಿಕೆಯ ಪರ್ಮಿಟ್ ಬೇಕಿತ್ತು. ಒಂದೇ ಪರ್ಮಿಟ್ಟಿನಲ್ಲಿ ಎಷ್ಟು ಟ್ರಿಪ್ಪು ಹೊಡೆದರು ಎಂಬ ಮಾತನ್ನು ಆ ಕಾಲದಲ್ಲಿ ಚಹದಂಗಡಿಗಳಲ್ಲಿ ಕೇಳದವರಿಲ್ಲ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈ 27ರಂದು ಸಲ್ಲಿಸಿದ ವರದಿಯು ಅಕ್ರಮ ಗಣಿಗಾರಿಕೆಯಿಂದ ಆದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಲೆಕ್ಕಹಾಕಿತು. ಎರಡೇ ದಿನದಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಚೆಕ್‌ಪೋಸ್ಟಿನಲ್ಲಿ ಕುಳಿತವನು ನೋಡುವುದು ಕಾಗದವನ್ನು. ಕಾಗದ ಅಸಲಿಯೇ ಇರಬಹುದು. ಆದರೆ ಅದು ಈ ಟ್ರಿಪ್ಪಿನದೋ, ಬೆಳಗಿನ ಟ್ರಿಪ್ಪಿನದೋ? ಗಣಕದ ಜಗತ್ತಿನಲ್ಲೂ ಇದೇ ವಿದ್ಯೆ ಇದೆ. ಒಮ್ಮೆ ಸಿಂಧುವಾಗಿದ್ದ ಗುರುತನ್ನು ಹಿಡಿದಿಟ್ಟುಕೊಂಡು ಮತ್ತೆ ಮತ್ತೆ ತೋರಿಸುವುದು. ಸೆಷನ್ನಿಗೆ ಗಡುವು ಇರಬೇಕು, ಲಾಗ್‌ಔಟ್ ಎಂದರೆ ಪರದೆಯ ಮೇಲೆ ‘ಧನ್ಯವಾದ’ ತೋರಿಸಿದರೆ ಸಾಲದು, ಸರ್ವರಿನ ಪುಸ್ತಕದಲ್ಲೂ ಆ ಸಂಖ್ಯೆಯನ್ನು ಹೊಡೆದುಹಾಕಬೇಕು ಎನ್ನುವುದು ಇದಕ್ಕಾಗಿಯೇ.

ದೊಡ್ಡ ಕಂಪನಿಗಳೂ ಎಡವಿವೆ. 2018ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ಕಿನಿಂದ ಜನರ ಇಂತಹ ಟೋಕನ್ನುಗಳೇ ಕಳುವಾದವು. ಒಬ್ಬರ ಪಾಸ್‌ವರ್ಡೂ ಹೋಗಲಿಲ್ಲ, ಆದರೂ ಕಳ್ಳರು ಒಳಗೆ ಹೋದರು. 5 ಕೋಟಿ ಖಾತೆಗಳೆಂದು ಮೊದಲು ಅಂದಾಜಿಸಿ, ಕೊನೆಗೆ ಸುಮಾರು 3 ಕೋಟಿ ಎಂದರು. ತಿಳಿದ ಕೂಡಲೇ ಅವರು 9 ಕೋಟಿ ಖಾತೆಗಳ ಟೋಕನ್ನುಗಳನ್ನು ರದ್ದು ಮಾಡಿ, ಅಷ್ಟೂ ಜನ ಹೊಸದಾಗಿ ಲಾಗಿನ್ ಆಗುವಂತೆ ಮಾಡಿದರು. ನಮ್ಮ ಯಾವುದಾದರೂ ಸೇವಾಕೇಂದ್ರದ ಲಾಗಿನ್ ಕಳುವಾದರೆ ಅದು ತಿಳಿಯುವುದು ಯಾರಿಗೆ, ರದ್ದು ಮಾಡುವವರು ಯಾರು? ಕೇಳಿ ನೋಡಿದ್ದೇನೆ. ‘ಬೆಂಗಳೂರಿಗೆ ಮೇಲ್ ಹಾಕಬೇಕು’ ಎಂಬ ಉತ್ತರ ಬಂತು.

ಕಂಪ್ಲಿಯ ಸೀಮೆಯಲ್ಲಿ ಗದ್ದೆ ಮಾಡಿಕೊಂಡಿರುವ ನಮ್ಮ ಭಾವನವರ ಸಂಗತಿ ಕುಟುಂಬದವರಿಗೆ ಗೊತ್ತಿದೆ; ಉಳಿದವರಿಗಾಗಿ ಹೇಳುತ್ತೇನೆ. ಭಾವನವರು ಓದಿದ್ದು ಕಡಿಮೆ, ಲೆಕ್ಕದಲ್ಲಿ ಮಾತ್ರ ನಮ್ಮೆಲ್ಲರಿಗಿಂತ ಚುರುಕು. ರೈತರ ನೋಂದಣಿಗೆಂದು ಒಂದು ಕೇಂದ್ರಕ್ಕೆ ಹೋದಾಗ ಅಲ್ಲಿದ್ದ ಹುಡುಗ “ಅಜ್ಜಾ, ನಿನ್ನ ಫೋನಿಗೆ ಮೆಸೇಜು ಬಂದ್ರೆ ನೀನು ಓದಂಗಿಲ್ಲ, ನನ್ನ ನಂಬರ್ ಹಾಕೀನಿ ಬಿಡು” ಎಂದು ತನ್ನ ಮೊಬೈಲ್ ಸಂಖ್ಯೆಯನ್ನೇ ತುಂಬಿಸಿದ. ಹುಡುಗ ಕೆಟ್ಟವನಲ್ಲ; ಸಂಜೆಯೊಳಗೆ ಅರವತ್ತು ಜನರ ಅರ್ಜಿ ಮುಗಿಸಬೇಕಿತ್ತು. ಅಂದಿನಿಂದ ಭಾವನವರ ಹೆಸರಿಗೆ ಬಂದ ಪ್ರತಿ ಒ.ಟಿ.ಪಿ.ಯೂ ಆ ಹುಡುಗನ ಜೇಬಿನಲ್ಲಿ. ಕೆಲವು ತಿಂಗಳ ನಂತರ ಅವನು ಕೆಲಸ ಬಿಟ್ಟು ಬೇರೆ ಊರಿಗೆ ಹೋದ, ಸಂಖ್ಯೆಯೂ ಬದಲಾಯಿತು. ಆ ಹಂಗಾಮಿನ ಭತ್ತವನ್ನು ಬೆಂಬಲ ಬೆಲೆಗೆ ಮಾರಲು ಹೆಸರು ನೋಂದಾಯಿಸಬೇಕೆಂದರೆ ಒ.ಟಿ.ಪಿ. ಎಲ್ಲಿಗೋ ಹೋಗುತ್ತಿದೆ, ಕೇಂದ್ರದವರು ಕೈಚೆಲ್ಲಿದರು. ಸಂಖ್ಯೆ ಬದಲಾಯಿಸಿಕೊಳ್ಳುವಷ್ಟರಲ್ಲಿ ನೋಂದಣಿಯ ಗಡುವು ಮುಗಿದಿತ್ತು. ಭತ್ತವನ್ನು ದಲಾಲರು ಹೇಳಿದ ಬೆಲೆಗೆ ಕೊಟ್ಟು ಬಂದರು. ವ್ಯವಸ್ಥೆಯ ದೃಷ್ಟಿಯಲ್ಲಿ ಸುಗ್ರೀವನೇ ಸುಗ್ರೀವನಲ್ಲ, ಮಾಲೆ ಬೇರೆಲ್ಲೋ ಇದೆ. ಜಾಗೃತಿಯ ಭಾಷಣ ಮಾಡುವವರು ಹೇಳಲಿ, ಇಲ್ಲಿ ಭಾವನವರು ಯಾರಿಗೆ ಒ.ಟಿ.ಪಿ. ಹೇಳಿದರು? ಅವರು ಅದನ್ನು ಕಣ್ಣಿಂದ ಕಂಡೇ ಇರಲಿಲ್ಲ! ಒಂದೇ ಮೊಬೈಲ್ ಸಂಖ್ಯೆ ಅರವತ್ತು ರೈತರ ಹೆಸರಿಗೆ ಸೇರುತ್ತಿರುವಾಗ ಅದನ್ನು ಕಂಡು ‘ತಡೆ’ ಎನ್ನಲು ತಂತ್ರಾಂಶಕ್ಕೆ ಎಷ್ಟು ಬುದ್ಧಿ ಬೇಕು? ಎರಡನೆಯ ತರಗತಿಯ ಎಣಿಕೆ ಸಾಕು.

‘ಹಾಗಾದರೆ ಎಲ್ಲದಕ್ಕೂ ಹೆಬ್ಬೆರಳನ್ನೇ ಇಡೋಣ’ ಎನ್ನುವ ಉತ್ಸಾಹಿಗಳೂ ಇದ್ದಾರೆ. ಅವರಿಗೆ 2023ರ ಸಂಗತಿಯನ್ನು ನೆನಪಿಸುತ್ತೇನೆ. ನೋಂದಣಿ ಇಲಾಖೆಯ ‘ಕಾವೇರಿ’ ತಾಣದಲ್ಲಿ ಸಿಗುತ್ತಿದ್ದ ಆಸ್ತಿಪತ್ರಗಳಲ್ಲಿನ ಬೆರಳಚ್ಚುಗಳನ್ನು ವಂಚಕರು ನಕಲು ಮಾಡಿ, ಆಧಾರ್ ಆಧಾರಿತ ಪಾವತಿಯ ಮೂಲಕ ಜನರ ಬ್ಯಾಂಕ್ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ಬಯಲಾದವು. ಆಸ್ತಿ ಮಾರಿದವರೂ ಕೊಂಡವರೂ ಯಾರಿಗೂ ಒ.ಟಿ.ಪಿ. ಹೇಳಿರಲಿಲ್ಲ, ಸರ್ಕಾರ ಕೇಳಿದ ಕಡೆ ಹೆಬ್ಬೆಟ್ಟು ಒತ್ತಿದ್ದೇ ಅವರು ಮಾಡಿದ್ದು. ಪಾಸ್‌ವರ್ಡ್ ಕಳೆದರೆ ಬದಲಾಯಿಸಬಹುದು, ಹೆಬ್ಬೆರಳನ್ನು ಬದಲಾಯಿಸುವುದು ಹೇಗೆ? ಇನ್ನು ನಾಟಿ ಮಾಡಿ, ಕಬ್ಬು ಕಡಿದು, ಕಲ್ಲು ಹೊತ್ತು ಗೆರೆ ಸವೆದ ಬೆರಳುಗಳನ್ನು ಯಂತ್ರ ಒಪ್ಪದೆ, ನ್ಯಾಯಬೆಲೆ ಅಂಗಡಿಯ ಮುಂದೆ ಕೈಯನ್ನು ಸೆರಗಿಗೆ ಒರೆಸಿ ಒರೆಸಿ ಮತ್ತೆ ಇಡುವ ಮುದುಕಿಯರನ್ನು ನೀವೂ ಕಂಡಿದ್ದೀರಿ.

ಕಿಷ್ಕಿಂಧೆಯ ಕಥೆಯಿಂದಲೇ ಇನ್ನೊಂದು ಮಾತು. ಹನುಮಂತನು ಮುದ್ರೆಯುಂಗುರ ಹಿಡಿದು ಲಂಕೆಗೆ ಹೋದಾಗ ಸೀತೆ ಅವನನ್ನು ಒಡನೆ ನಂಬಲಿಲ್ಲ. ಸನ್ಯಾಸಿಯ ವೇಷದಲ್ಲಿ ಬಂದವನಿಂದ ಮೋಸ ಹೋದವಳು ಆಕೆ. ರಾಮನ ಚಹರೆ ಹೇಳು, ಲಕ್ಷ್ಮಣನ ಲಕ್ಷಣ ಹೇಳು ಎಂದು ಪರೀಕ್ಷಿಸಿದಳು. ಅದೆಲ್ಲ ಆದ ಮೇಲೆ ಉಂಗುರ ಬಂತು. ಹಿಂದಿರುಗುವಾಗ ಚೂಡಾಮಣಿಯನ್ನು ಕೊಟ್ಟದ್ದಲ್ಲದೆ, ತಮ್ಮಿಬ್ಬರಿಗೆ ಮಾತ್ರ ಗೊತ್ತಿದ್ದ ಕಾಗೆಯ ಪ್ರಸಂಗವನ್ನೂ ಹೇಳಿ ಕಳಿಸಿದಳು. ಪರೀಕ್ಷೆ ಎರಡೂ ಕಡೆಯಿಂದ ನಡೆಯಿತು. ನಮ್ಮ ವ್ಯವಸ್ಥೆಯಲ್ಲಿ ಪರೀಕ್ಷೆ ಒಂದೇ ಕಡೆಯದು. ಬ್ಯಾಂಕಿನಿಂದ ಎಂದು ಫೋನ್ ಮಾಡಿದವನು ನಿಮ್ಮ ಜನ್ಮದಿನಾಂಕ ಕೇಳುತ್ತಾನೆ. ಅವನು ಬ್ಯಾಂಕಿನವನೇ ಎಂಬುದಕ್ಕೆ ನೀವು ಏನನ್ನು ಕೇಳಬೇಕೆಂದು ಯಾರೂ ಗೊತ್ತುಮಾಡಿಲ್ಲ. ಪಹಣಿಯ ರೈತನಿಗೆ ತನ್ನ ದಾಖಲೆಯನ್ನು ಯಾವ ದಿನ, ಯಾರ ಲಾಗಿನ್ನಿನಿಂದ ತೆರೆದು ತಿದ್ದಿದರೆಂದು ಒಂದು ಸಾಲಿನ ಸಂದೇಶ ಕನ್ನಡದಲ್ಲಿ ಬರಲಿ ನೋಡೋಣ. ಅರ್ಧ ರೋಗ ವಾಸಿಯಾದೀತು. ಕನ್ನಡ ಎಂದೆ. ಕೈಗೆ ಬರುವ ಒ.ಟಿ.ಪಿ. ಸಂದೇಶಗಳನ್ನು ಒಮ್ಮೆ ತೆಗೆದು ನೋಡಿ. ‘ಇದನ್ನು ಯಾರಿಗೂ ಹೇಳಬೇಡಿ’ ಎಂಬ ಎಚ್ಚರಿಕೆ ಹೆಚ್ಚಿನವುಗಳಲ್ಲಿ ಇಂಗ್ಲಿಷಿನಲ್ಲಿದೆ. ಓದಲು ಬಾರದ ಭಾಷೆಯಲ್ಲಿ ಎಚ್ಚರಿಸಿ, ಎಚ್ಚರಗೊಳ್ಳಲಿಲ್ಲವೆಂದು ಬೈಯುವುದು ಯಾವ ನ್ಯಾಯ?

ಕಾನೂನು ಇಲ್ಲವೇ ಎಂದರೆ, ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರ ತಿದ್ದುಪಡಿಯಲ್ಲಿ ಸೇರಿದ 66ಸಿ ವಿಧಿಯ ಪ್ರಕಾರ ಇನ್ನೊಬ್ಬರ ಪಾಸ್‌ವರ್ಡನ್ನೋ ಡಿಜಿಟಲ್ ಸಹಿಯನ್ನೋ ವಂಚನೆಯಿಂದ ಬಳಸಿದವನಿಗೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ. ‘ವಂಚನೆಯಿಂದ’ ಎಂಬ ಮಾತನ್ನು ಗಮನಿಸಿ. ಸಾಹೇಬರು ತಾವಾಗಿಯೇ ಚೀಟಿ ಬರೆದು ಅಂಟಿಸಿದರೆ, ಹುಡುಗ ಆ ಲಾಗಿನ್ನಿನಲ್ಲಿ ಪ್ರಾಮಾಣಿಕವಾಗಿಯೇ ಕೆಲಸ ಮಾಡಿದರೆ, ಈ ವಿಧಿ ಯಾರ ಮೈಮುಟ್ಟೀತು? ಕೊನೆಗೆ ಏನಾದರೂ ಹೆಚ್ಚುಕಡಿಮೆಯಾದಾಗ ಕೆಲಸ ಕಳೆದುಕೊಳ್ಳುವವನು ಆ ಗುತ್ತಿಗೆಯ ಹುಡುಗ. ಅವನೂ ನಮ್ಮ ಶಾಲೆಯಂತಹ ಯಾವುದೋ ಶಾಲೆಯ ಹುಡುಗನೇ.

ನನ್ನ ಶಿಷ್ಯರಲ್ಲಿ ಹಲವರು ಬೆಂಗಳೂರಿನಲ್ಲಿ, ಹೈದರಾಬಾದಿನಲ್ಲಿ, ಸಮುದ್ರದಾಚೆಯೂ ಇಂತಹ ತಂತ್ರಾಂಶಗಳನ್ನೇ ಕಟ್ಟುತ್ತಿದ್ದೀರಿ. ನೀವು ಕಟ್ಟಿದ್ದರಲ್ಲಿ ಕೆಲವು ನಮ್ಮ ತಾಲ್ಲೂಕಿನ ಕಿಟಕಿಗೂ ಬಂದಿರಬಹುದು. ನಿಮ್ಮಲ್ಲಿ ನನ್ನದೊಂದು ಕೋರಿಕೆ. ಮುಂದಿನ ಬಾರಿ ಊರಿಗೆ ಬಂದಾಗ ಕೋಟೆ, ತೇರು, ತುಂಗಭದ್ರೆ ನೋಡುವುದರ ಜೊತೆಗೆ ಯಾವುದಾದರೂ ಸೇವಾಕೇಂದ್ರದ ಮುಂದೆ ಒಂದು ಗಂಟೆ ನಿಂತುಕೊಳ್ಳಿ. ಒಂದು ಕುರ್ಚಿಯಲ್ಲಿ ಎಷ್ಟು ಜನ ಕುಳಿತೆದ್ದರು, ಎಷ್ಟು ಸಲ ಲಾಗ್‌ಔಟ್ ಆಯಿತು ಎಂದು ಎಣಿಸಿ. ಆಮೇಲೆ ನಿಮ್ಮ ತಂತ್ರಾಂಶದಲ್ಲಿ ಸೆಷನ್ನಿಗೆ ಎಷ್ಟು ನಿಮಿಷ ಇಟ್ಟಿದ್ದೀರಿ, ಏಕೆ ಇಟ್ಟಿದ್ದೀರಿ ಎಂದು ನನಗೆ ಮಿಂಚಂಚೆ ಬರೆಯಿರಿ. ‘ಅದು ಮೊದಲೇ ಹಾಗಿತ್ತು ಸಾರ್’ ಎಂಬ ಉತ್ತರಕ್ಕೆ ಅಂಕ ಕೊಡುವುದಿಲ್ಲ.

ಬಂಧುಗಳಿಗೆ: ದೀಪಾವಳಿಗೆ ಬರುವಾಗ ಆಧಾರ್ ಕಾರ್ಡು, ಪಹಣಿ, ಬ್ಯಾಂಕಿನ ಪಾಸ್‌ಬುಕ್ಕು ತನ್ನಿ. ಯಾವುದಕ್ಕೆ ಯಾರ ಮೊಬೈಲ್ ಸಂಖ್ಯೆ ಸೇರಿದೆಯೆಂದು ಒಂದೊಂದಾಗಿ ನೋಡೋಣ. ಆಧಾರಿನಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವಿದೆ, ಬೇಕಾದಾಗ ತೆಗೆಯಲೂ ಬರುತ್ತದೆ, ಅದನ್ನೂ ಹಾಕಿಕೊಡುತ್ತೇನೆ. ಭಾವನವರ ಸಂಖ್ಯೆ ಈಗ ಸರಿಹೋಗಿದೆ.